ಭಂಡಾರಿ ಬಸವಣ್ಣನವರು

ಮುಂಬಯಿ ಇರುವ ಈ ರಾಜ್ಯದಲ್ಲಿಯೇ, ಸೋಲಾಪುರ ಜಿಲ್ಲೆಯಲ್ಲಿ ಮಂಗಳವೇಢೆ ಎಂಬ ಊರಿದೆ. 12ನೆಯ ಶತಮಾನದಲ್ಲಿ ಅಲ್ಲಿ ಕಲಚುರಿ ಬಿಜ್ಜಳನ ಭಂಡಾರದ ಲೆಕ್ಕ ಬರೆದ ಕರಣಿಕರೇ ಬಸವಣ್ಣನವರು. ಬ್ಯಾಂಕುಗಳಲ್ಲಿ ಪರರ ಹಣ ಎಣಿಸುವ ನಮ್ಮಂಥವರಿಗೆ ಅವರು ಹಿರಿಯಣ್ಣನಂತೆ ಕಾಣುತ್ತಾರೆ.

ಬಾಗೇವಾಡಿಯ ಬ್ರಾಹ್ಮಣ ಮನೆತನದಲ್ಲಿ ಹುಟ್ಟಿದ ಅವರು ಉಪನಯನವನ್ನು ಒಲ್ಲದೆ ಕೂಡಲಸಂಗಮಕ್ಕೆ ನಡೆದರು. ಅಲ್ಲಿಯ ಸಂಗಮನಾಥನ ಹೆಸರೇ ಅವರ ವಚನಗಳ ಅಂಕಿತವಾಯಿತು. ಇಷ್ಟಲಿಂಗವನ್ನು ಧರಿಸಿದವನಿಗೆ ನಂಬಿದ ದೇವರೇ ಗುರುತು, ಹುಟ್ಟಿದ ಜಾತಿಯಲ್ಲ ಎಂಬುದು ಅವರ ನಿಲುವು. ಆ ನಂಬಿಕೆಯಿಂದ ದುಡಿಮೆ ಕಾಯಕವಾಯಿತು, ಗಳಿಕೆ ದಾಸೋಹಕ್ಕೆ ಸಂದಿತು. ಭಂಡಾರದ ಹಣವನ್ನು ಜಂಗಮರಿಗೆ ಸುರಿಯುತ್ತಾರೆಂಬ ದೂರು ಬಂದು ಲೆಕ್ಕ ನೋಡಿದಾಗ ಕಾಸೂ ಕಡಮೆ ಇರಲಿಲ್ಲವೆಂದು ಪುರಾಣಗಳು ಹೇಳುತ್ತವೆ.

ಬಿಜ್ಜಳನು ಕಲ್ಯಾಣದ ಅರಸನಾದಾಗ ಅವರ ಕಾರ್ಯವೂ ಅಲ್ಲಿ ಬೆಳೆಯಿತು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಶರಣರು ಮದುವೆ ಮಾಡಿಸಿದರೆಂದೂ, ಅದಕ್ಕಾಗಿ ತಂದೆಯರಿಬ್ಬರೂ ಪ್ರಾಣ ತೆತ್ತರೆಂದೂ ಪರಂಪರೆ ನೆನೆಯುತ್ತದೆ. ಶರಣರು ಚದುರಿದರು. ಬಸವಣ್ಣನವರು ಪದವಿಯನ್ನು ಬಿಟ್ಟು ಕೂಡಲಸಂಗಮಕ್ಕೆ ಮರಳಿ, 1167ರ ಸುಮಾರಿಗೆ ಅಲ್ಲಿಯೇ ಐಕ್ಯರಾದರು.

ಸಂಜೆ ಲೆಕ್ಕ ಮುಗಿಸಿ ಲೋಕಲ್ ಗಾಡಿ ಹಿಡಿಯುವ ನಾವು, ಬೆಳಗಿನ ಪೂಜೆಯ ದೇವರು ಕಚೇರಿಯ ಮೇಜಿನವರೆಗೂ ಬಂದನೇ ಎಂದು ನಮ್ಮನ್ನು ನಾವೇ ಕೇಳಿಕೊಂಡರೆ ಅವರನ್ನು ನೆನೆದುದು ಸಾರ್ಥಕ.