ಸಮುದ್ರದ ನೀಲಿ ಆಕಾಶದ ಪ್ರತಿಬಿಂಬವೇ? ಸಿ.ವಿ. ರಾಮನ್ ಪರೀಕ್ಷಿಸಿದ್ದು ಹೀಗೆ

ಸಮುದ್ರ ನೀಲಿಯಾಗಿ ಕಾಣುವುದು ಆಕಾಶದ ಪ್ರತಿಬಿಂಬದಿಂದ ಎಂಬ ಫಾರ್ವರ್ಡ್ ನಿಮಗೂ ಬಂದಿರಬಹುದು. ಇದನ್ನು ನಂಬಿದ್ದವರೇನು ಸಾಮಾನ್ಯರಲ್ಲ, 1904ರಲ್ಲಿ ನೊಬೆಲ್ ಪಡೆದ ಲಾರ್ಡ್ ರೇಲೀ ಕೂಡ ಹಾಗೆಯೇ ಹೇಳಿದ್ದರು. ಅದನ್ನು ಪರೀಕ್ಷಿಸಿ ನೋಡಿದವರು ಚಂದ್ರಶೇಖರ ವೆಂಕಟರಾಮನ್.

1888ರಲ್ಲಿ ತಿರುಚಿರಾಪಳ್ಳಿಯ ಬಳಿ ಹುಟ್ಟಿದ ರಾಮನ್ 1907ರಲ್ಲಿ ಸೇರಿದ್ದು ಸರ್ಕಾರದ ಹಣಕಾಸು ಇಲಾಖೆಯನ್ನು. ಕಲ್ಕತ್ತದಲ್ಲಿ ಕಚೇರಿಗೆ ಮುಂಚೆ, ಕಚೇರಿ ಮುಗಿದ ಮೇಲೆ ಪ್ರಯೋಗ. ಹತ್ತು ವರ್ಷ ಹೀಗೆ ನಡೆಸಿ, ಒಳ್ಳೆಯ ಸಂಬಳದ ನೌಕರಿ ಬಿಟ್ಟು ಅಲ್ಲಿನ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು.

1921ರಲ್ಲಿ ಇಂಗ್ಲೆಂಡಿನಿಂದ ಎಸ್.ಎಸ್. ನರ್ಕುಂಡ ಹಡಗಿನಲ್ಲಿ ಮರಳುವಾಗ ಮೆಡಿಟರೇನಿಯನ್ ಸಮುದ್ರದ ಗಾಢ ನೀಲಿ ಅವರನ್ನು ಹಿಡಿದು ನಿಲ್ಲಿಸಿತು. ಅವರ ಬಳಿ ನಿಕೋಲ್ ಪ್ರಿಸಮ್ ಎಂಬ ಚಿಕ್ಕ ಹರಳಿತ್ತು. ನೀರಿನ ಮೇಲಿಂದ ಓರೆಯಾಗಿ ಪ್ರತಿಫಲಿಸುವ ಬೆಳಕು ಹೆಚ್ಚಾಗಿ ಒಂದೇ ದಿಕ್ಕಿನಲ್ಲಿ ಕಂಪಿಸುತ್ತದೆ. ಹರಳನ್ನು ತಕ್ಕಂತೆ ತಿರುಗಿಸಿದರೆ ಆ ಬೆಳಕಿಗೆ ತಡೆ ಬೀಳುತ್ತದೆ. ಆಕಾಶದ ಪ್ರತಿಬಿಂಬ ಅಳಿದ ಮೇಲೆ ನೀಲಿಯೂ ಹೋಗಬೇಕಿತ್ತಲ್ಲ? ಹೋಗಲಿಲ್ಲ, ಇನ್ನೂ ಚೆನ್ನಾಗಿ ಕಂಡಿತು! ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆ ಎಂದು ರಾಮನ್ ಬರೆದರು. ನೀರು ಕೆಂಪು ಬೆಳಕನ್ನು ಹೀರಿಕೊಳ್ಳುವುದಕ್ಕೂ ಇದರಲ್ಲಿ ದೊಡ್ಡ ಪಾಲಿದೆ ಎಂಬುದು ಈಗ ನಮಗೆ ಗೊತ್ತು.

ಈ ಉಪಾಯಕ್ಕೆ ಹಡಗೇ ಬೇಕಿಲ್ಲ. ಮಿರಜ್ ಕಡೆಯಿಂದ ಬರುವ ರೈಲು ಉಗಾರ ದಾಟಿ ಕುಡಚಿ ಮುಟ್ಟುವ ಮುನ್ನ ಕೃಷ್ಣೆಯ ಸೇತುವೆ ಬರುತ್ತದೆ. ಎ.ಸಿ. ಬೋಗಿಯ ಗಾಜಿನ ಹಿಂದಿನಿಂದ ತುಂಬಿದ ಹೊಳೆಯ ವಿಡಿಯೊ ಮಾಡಿದರೆ ನೀರಿನ ಮೇಲೆ ಬೋಗಿಯ ದೀಪ, ನಮ್ಮದೇ ಅಂಗಿ ತೇಲುತ್ತವೆ. ಆಮೇಲೆ ಆ ದೀಪವೇ ಯಾರದೋ ಮೊಬೈಲಿನಲ್ಲಿ ಆಕಾಶದ ವಿಚಿತ್ರ ಬೆಳಕಾಗುತ್ತದೆ! ಸಿಪಿಎಲ್ ಎಂದು ಮಾರುವ ಪೋಲರೈಸಿಂಗ್ ಫಿಲ್ಟರನ್ನು ಲೆನ್ಸ್ ಮುಂದೆ ಹಿಡಿದು, ಗಾಜನ್ನು ಓರೆಯಾಗಿ ನೋಡುತ್ತ ನಿಧಾನ ತಿರುಗಿಸಿ. ಗಾಜಿನ ಮೇಲ್ಮೈಗೆ ಸುಮಾರು 34 ಡಿಗ್ರಿ ಕೋನದಲ್ಲಿ ಪ್ರತಿಫಲನ ಅತಿ ಹೆಚ್ಚು ಮಾಯವಾಗುತ್ತದೆ. ಗಾಜಿಗೆ ನೇರವಾಗಿ ಹಿಡಿದರೆ ಈ ಫಿಲ್ಟರ್ ಕೆಲಸಕ್ಕೆ ಬಾರದು. ಆಗ ಲೆನ್ಸನ್ನು ಗಾಜಿಗೇ ಒತ್ತಿಟ್ಟು, ಸುತ್ತ ಕಪ್ಪು ಬಟ್ಟೆ ಮುಚ್ಚುವುದೇ ಸರಿ. ದುಡ್ಡೂ ಉಳಿಯುತ್ತದೆ.

ಸಮುದ್ರದಿಂದ ಶುರುವಾದ ರಾಮನ್ ಅವರ ಹುಡುಕಾಟ 1928ರ ಫೆಬ್ರವರಿ 28ರಂದು ರಾಮನ್ ಪರಿಣಾಮಕ್ಕೆ ಮುಟ್ಟಿತು. 1930ರಲ್ಲಿ ನೊಬೆಲ್ ಬಂತು. 1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬೆಂಗಳೂರಿಗೆ ಬಂದವರು, ನಾಲ್ಕೇ ವರ್ಷದಲ್ಲಿ ಆ ಹುದ್ದೆ ಬಿಡಬೇಕಾಯಿತು. ಆದರೂ ಊರು ಬಿಡಲಿಲ್ಲ. 1948ರಲ್ಲಿ ಅಲ್ಲೇ ತಮ್ಮ ಸಂಶೋಧನಾ ಸಂಸ್ಥೆ ಕಟ್ಟಿದರು. 1970ರ ನವೆಂಬರ್ 21ರಂದು ತೀರಿಕೊಂಡಾಗ ಅಂತ್ಯಸಂಸ್ಕಾರ ನಡೆದದ್ದೂ ಅದೇ ಸಂಸ್ಥೆಯ ತೋಟದಲ್ಲಿ.