ಗೋಲ್ ಕಂಬದ ಕೆಳಗೆ ಕಾವಲು: ನಿಜಾಮ್ ಸೀಮೆಯ ಹುಡುಗ ಪೀಟರ್ ತಂಗರಾಜ್ ಏಷ್ಯಾ ಗೆದ್ದ ಕಥೆ

ನಮ್ ಕಡೆ ಹುಡುಗರು ಫುಟ್‌ಬಾಲ್ ಆಡುವಾಗ ಒಂದು ರೂಢಿ ಐತಿ. ಓಡಾಕ ಬರದವನು, ಇಲ್ಲಾ ಕೊನೆಗೆ ಬಂದವನು ಯಾರೋ ಅವನನ್ನ ಹಿಡಿದು ಗೋಲ್‌ನಲ್ಲಿ ನಿಲ್ಲಿಸಿಬಿಡ್ತೀವಿ. ಹತ್ತು ಸಲ ತಡೆದದ್ದು ಯಾರಿಗೂ ನೆನಪಿರೋದಿಲ್ಲ, ಒಂದು ಸಲ ಚೆಂಡು ಒಳಗೆ ಹೋತು ಅಂದ್ರ ಬೈಗುಳ ಅವನಿಗೇ. ಅಂಗಡಿ ಗಲ್ಲಾದ ಮೇಲೆ ಕೂತವರಿಗೆ ಈ ಮಾತು ಚಲೋ ಗೊತ್ತು. ದಿನಪೂರ್ತಿ ಲೆಕ್ಕ ಸರಿ ಇದ್ದರೆ ಯಾರೂ ಶಹಬ್ಬಾಸ್ ಅನ್ನಲ್ಲ, ಸಂಜೆಗೆ ನೂರು ರೂಪಾಯಿ ಕಡಿಮೆ ಬಿದ್ದರೆ ಎಲ್ಲರೂ ಕೇಳ್ತಾರೆ.

ಅಂಥ ಜಾಗದಲ್ಲೇ ನಿಂತು ಇಡೀ ಏಷ್ಯಾದಲ್ಲಿ ಹೆಸರು ಮಾಡಿದವರು ಪೀಟರ್ ತಂಗರಾಜ್. 2024ರಲ್ಲಿ ಬಂದ ಅಜಯ್ ದೇವಗನ್ ಅವರ ‘ಮೈದಾನ್’ ಸಿನಿಮಾ ನೋಡಿದವರಿಗೆ ಆ ಎತ್ತರದ ಗೋಲ್‌ಕೀಪರ್ ನೆನಪಿರಬಹುದು. ಅವರೇ ಇವರು.

ನಮ್ಮದೇ ಸಂಸ್ಥಾನದವರು

ನಮಗೂ ಅವರಿಗೂ ಏನು ಸಂಬಂಧ ಅಂತ ಕೇಳಬಹುದು. ತಂಗರಾಜ್ ಹುಟ್ಟಿದ್ದು 1935ರ ಡಿಸೆಂಬರ್ 24ರಂದು, ಹೈದರಾಬಾದ್‌ನಲ್ಲಿ. ಆಗ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಲ್ಲವೂ ಅದೇ ನಿಜಾಮ್ ಸಂಸ್ಥಾನದ ಊರುಗಳು. 1948ರ ಸೆಪ್ಟೆಂಬರ್ 17ರಂದು ಸಂಸ್ಥಾನ ಭಾರತದೊಳಗೆ ಸೇರಿದಾಗ ತಂಗರಾಜ್ ಇನ್ನೂ 12 ವರ್ಷದ ಹುಡುಗ. ನಮ್ಮ ಅಜ್ಜಂದಿರು ಯಾವ ರಾಜ್ಯದ ಪ್ರಜೆಗಳಾಗಿದ್ದರೋ ಅದೇ ರಾಜ್ಯದ ರಾಜಧಾನಿಯ ಗಲ್ಲಿಗಳಲ್ಲಿ ಅವರು ಚೆಂಡು ಒದೆಯೋದು ಕಲಿತರು.

ಆ ಕಾಲದಲ್ಲಿ ಹೈದರಾಬಾದ್, ಸಿಕಂದರಾಬಾದ್ ಅಂದರೆ ಫುಟ್‌ಬಾಲ್‌ನ ಊರುಗಳು. ಹೈದರಾಬಾದ್ ಸಿಟಿ ಪೊಲೀಸ್ ತಂಡ ದೇಶದ ದೊಡ್ಡ ದೊಡ್ಡ ತಂಡಗಳನ್ನು ಸೋಲಿಸುತ್ತಿತ್ತು. ಆ ತಂಡವನ್ನು ಕಟ್ಟಿದವರು ಸೈಯದ್ ಅಬ್ದುಲ್ ರಹೀಂ ಎಂಬ ಶಾಲಾ ಮಾಸ್ತರರು. ಮುಂದೆ ಭಾರತ ತಂಡದ ಕೋಚ್ ಆದವರೂ ಅವರೇ. ತಂಗರಾಜ್ ಮೊದಲು ಆಡಿದ್ದು ಸಿಕಂದರಾಬಾದ್‌ನ ಮಾರ್ನಿಂಗ್ ಸ್ಟಾರ್, ಫ್ರೆಂಡ್ಸ್ ಯೂನಿಯನ್ ಎಂಬ ಸಣ್ಣ ಕ್ಲಬ್‌ಗಳಲ್ಲಿ.

ಗೋಲ್ ಹೊಡೆಯುವವರು ಗೋಲ್ ಕಾಯುವವರಾದರು

1953ರಲ್ಲಿ ತಂಗರಾಜ್ ಸೈನ್ಯಕ್ಕೆ ಸೇರಿದರು. ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿರುವ ಮದ್ರಾಸ್ ರೆಜಿಮೆಂಟಲ್ ಸೆಂಟರ್ ಅವರ ಠಾಣೆಯಾಯಿತು. ಈಗಿನಂತೆ ಆಟಗಾರರಿಗೆ ಕೋಟಿ ಕೋಟಿ ಸಂಬಳದ ಕಾಲ ಅಲ್ಲ ಅದು. ಸೈನ್ಯ, ಪೊಲೀಸ್, ರೈಲ್ವೆ ಕೊಡುತ್ತಿದ್ದ ನೌಕರಿಯೇ ಆಟಗಾರನ ಅನ್ನ. ಊಟ, ಬೂಟು, ದಿನವೂ ತಾಲೀಮು, ತಿಂಗಳಿಗೆ ಪಗಾರ ಎಲ್ಲಾ ಅಲ್ಲಿಂದಲೇ ಬರಬೇಕು.

ಸೈನ್ಯಕ್ಕೆ ಬಂದಾಗ ತಂಗರಾಜ್ ಗೋಲ್‌ಕೀಪರ್ ಆಗಿರಲಿಲ್ಲ ನೋಡ್ರಿ. ಸೆಂಟರ್ ಫಾರ್ವರ್ಡ್, ಅಂದರೆ ಗೋಲ್ ಹೊಡೆದು ಚಪ್ಪಾಳೆ ಗಿಟ್ಟಿಸುವ ಜಾಗ ಅವರದು. ಅಲ್ಲಿಂದ ಹಿಂದೆ ಸರಿದು ಕಂಬದ ಕೆಳಗೆ ನಿಲ್ಲುವುದಕ್ಕೆ ಮನಸ್ಸು ಗಟ್ಟಿ ಬೇಕು. ಆದರೆ ಆರಡಿ ಮೀರಿದ ಆ ಎತ್ತರಕ್ಕೆ ತಕ್ಕ ಕೆಲಸ ಅದೇ ಆಗಿತ್ತು. ಗೋಲ್‌ನ ಅಗಲ 24 ಅಡಿ, ಎತ್ತರ 8 ಅಡಿ. ಇಷ್ಟು ದೊಡ್ಡ ಬಾಗಿಲಿಗೆ ಒಬ್ಬನೇ ಕಾವಲುಗಾರ. ಮೇಲಿಂದ ಬರುವ ಚೆಂಡನ್ನು ಎದುರಾಳಿಯ ತಲೆಗೆ ಸಿಗುವ ಮೊದಲೇ ಕೈಗೆ ತೆಗೆದುಕೊಳ್ಳುವುದು ಎತ್ತರದ ಕೀಪರ್‌ಗೆ ಸಿಗುವ ದೊಡ್ಡ ಲಾಭ. ಅದರ ಜೊತೆಗೆ ಮುಂದೆ ಆಡಿದವನಿಗೆ ಮುಂದಿನ ಆಟಗಾರ ಯಾವ ಕಡೆ ಒದೀತಾನ ಅನ್ನೋ ಅಂದಾಜೂ ಇರುತ್ತೆ.

ಈ ಬದಲಾವಣೆ ಬೇಗನೇ ಫಲ ಕೊಟ್ಟಿತು. ಮದ್ರಾಸ್ ರೆಜಿಮೆಂಟಲ್ ಸೆಂಟರ್ ತಂಡ 1955ರಲ್ಲಿ ಡುರಾಂಡ್ ಕಪ್ ಗೆದ್ದಿತು, 1958ರಲ್ಲಿ ಮತ್ತೆ ಗೆದ್ದಿತು. ಎರಡೂ ಸಲ ಆ ತಂಡದಲ್ಲಿ ತಂಗರಾಜ್ ಇದ್ದರು.

ಮೆಲ್ಬರ್ನ್, ರೋಮ್

ಅದಕ್ಕೂ ಮೊದಲು ಭಾರತದ ಗೋಲ್ ಕಾದವರಲ್ಲಿ ನಮ್ಮ ಕನ್ನಡ ನಾಡಿನವರೂ ಇದ್ದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ನಿಂತವರು ಮೈಸೂರು ತಂಡದ ಕೆ.ವಿ. ವರದರಾಜ್. ಆಗ ನಮ್ಮ ಬಹಳಷ್ಟು ಆಟಗಾರರು ಬರಿಗಾಲಲ್ಲೇ ಆಡಿದ್ದರು. 1952ರಲ್ಲಿ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾ ಕೈಯಲ್ಲಿ 10-1ರ ಸೋಲು ಬಿದ್ದ ಮೇಲೆ ಬೂಟು ಹಾಕಲೇಬೇಕಾಯಿತು.

1956ರ ನವೆಂಬರ್ 1ರಂದು ರಾಜ್ಯಗಳ ಮರುವಿಂಗಡಣೆಯಾಗಿ ನಮ್ಮ ತಾಲೂಕುಗಳು ಮೈಸೂರು ರಾಜ್ಯಕ್ಕೆ ಬಂದವು. ಮೂರೇ ವಾರದಲ್ಲಿ, ನವೆಂಬರ್ 22ಕ್ಕೆ, ಮೆಲ್ಬರ್ನ್ ಒಲಿಂಪಿಕ್ಸ್ ಶುರುವಾಯಿತು. 20 ವರ್ಷದ ತಂಗರಾಜ್ ಆ ತಂಡದಲ್ಲಿದ್ದರು. ಎಸ್.ಎಸ್. ನಾರಾಯಣ್ ಮತ್ತೊಬ್ಬ ಗೋಲ್‌ಕೀಪರ್. ಬೆಂಗಳೂರಿನ ಕೆಂಪಯ್ಯ ಕೂಡ ಅದೇ ತಂಡದವರು. ಭಾರತ ಆಸ್ಟ್ರೇಲಿಯಾವನ್ನು ಅದರ ನೆಲದಲ್ಲೇ 4-2ರಿಂದ ಸೋಲಿಸಿ ಸೆಮಿಫೈನಲ್ ಮುಟ್ಟಿತು, ಕೊನೆಗೆ ನಾಲ್ಕನೇ ಸ್ಥಾನ ಪಡೆಯಿತು. ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಅಷ್ಟು ಮೇಲೆ ನಾವು ಮತ್ತೆ ಹೋಗಿಲ್ಲ.

1958ರಲ್ಲಿ ತಂಗರಾಜ್‌ಗೆ ಏಷ್ಯಾದ ಅತ್ಯುತ್ತಮ ಗೋಲ್‌ಕೀಪರ್ ಎಂಬ ಗೌರವ ಸಿಕ್ಕಿತು. 1960ರಲ್ಲಿ ಸರ್ವಿಸಸ್ ತಂಡದ ನಾಯಕರಾಗಿ ಸಂತೋಷ್ ಟ್ರೋಫಿ ಎತ್ತಿದರು. ಅದೇ ವರ್ಷ ರೋಮ್ ಒಲಿಂಪಿಕ್ಸ್‌ನಲ್ಲಿ ಗೋಲ್ ಕಾಯುವ ಹೊಣೆ ಅವರದೇ. ಹಂಗೇರಿ ವಿರುದ್ಧ 1-2, ಫ್ರಾನ್ಸ್ ವಿರುದ್ಧ 1-1, ಪೆರು ವಿರುದ್ಧ 1-3. ಭಾರತ ಮುಂದಿನ ಸುತ್ತಿಗೆ ಹೋಗಲಿಲ್ಲ ಖರೆ. ಆದರೆ ಹೆಲ್ಸಿಂಕಿಯಲ್ಲಿ ಹತ್ತು ಗೋಲ್ ತಿಂದ ದೇಶ ಎಂಟು ವರ್ಷದಲ್ಲಿ ಯುರೋಪಿನ ದೊಡ್ಡ ತಂಡಗಳಿಗೆ ಸಮಸಮ ನಿಂತಿತ್ತು.

ಜಕಾರ್ತಾದ ಆ ಸಂಜೆ

ತಂಗರಾಜ್ ಹೆಸರು ಉಳಿದಿರುವುದು ಹೆಚ್ಚಾಗಿ 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಿಂದ. ಮೊದಲ ಪಂದ್ಯದಲ್ಲೇ ಭಾರತ ದಕ್ಷಿಣ ಕೊರಿಯಾ ವಿರುದ್ಧ 0-2ರಿಂದ ಸೋತಿತು. ಆಮೇಲೆ ಥಾಯ್ಲೆಂಡ್, ಜಪಾನ್, ಸೆಮಿಫೈನಲ್‌ನಲ್ಲಿ ದಕ್ಷಿಣ ವಿಯೆಟ್ನಾಂ ಸೋಲಿಸಿ ಫೈನಲ್‌ಗೆ ಬಂತು. ತಂಗರಾಜ್ ಜ್ವರ ಬಂದು ಮಲಗಿದ್ದರು. ಅವರ ಬದಲಿಗೆ ಬಂಗಾಳದ ಪ್ರದ್ಯೋತ್ ಬರ್ಮನ್ ಗೋಲ್ ಕಾಯ್ದಿದ್ದರು.

ಸೆಪ್ಟೆಂಬರ್ 4ರಂದು ಫೈನಲ್. ಎದುರಿಗೆ ಮತ್ತೆ ಅದೇ ಕೊರಿಯಾ. ಗೆದ್ದು ಬಂದ ಕೀಪರ್‌ನನ್ನು ಕೂರಿಸಿ ಜ್ವರದಿಂದ ಎದ್ದವರನ್ನು ಇಳಿಸಬೇಕೇ? ಆಗಿನ ನಿಯಮದಲ್ಲಿ ಬದಲಿ ಆಟಗಾರರೇ ಇರಲಿಲ್ಲ. ಕೀಪರ್ ನಡುವೆ ಕುಸಿದರೆ ಹತ್ತೇ ಜನ ಆಡಬೇಕು. ಅಷ್ಟಿದ್ದೂ ರಹೀಂ ಸಾಹೇಬರು ತಂಗರಾಜ್ ಅವರನ್ನೇ ಇಳಿಸಿದರು. ತಲೆಗೆ ಹೊಲಿಗೆ ಬಿದ್ದಿದ್ದ ಜರ್ನೈಲ್ ಸಿಂಗ್ ಅವರನ್ನು ಹಿಂದಿನ ಸಾಲಿನಿಂದ ಮುಂದಕ್ಕೆ ಹಾಕಿದರು.

ಕ್ರೀಡಾಂಗಣದಲ್ಲಿ ಲಕ್ಷದ ಹತ್ತಿರ ಜನ. ಇಸ್ರೇಲ್, ತೈವಾನ್ ದೇಶಗಳನ್ನು ಕೂಟದಿಂದ ಹೊರಗಿಟ್ಟಿದ್ದನ್ನು ಭಾರತದ ಅಧಿಕಾರಿ ಜಿ.ಡಿ. ಸೋಂಧಿ ಪ್ರಶ್ನಿಸಿದ್ದಕ್ಕೆ ಇಂಡೋನೇಷ್ಯಾದವರಿಗೆ ನಮ್ಮ ಮೇಲೆ ಸಿಟ್ಟು. ಭಾರತದ ಆಟಗಾರರ ಕಾಲಿಗೆ ಚೆಂಡು ಬಂದರೆ ಸಾಕು, ಇಡೀ ಮೈದಾನ ಕೂಗುತ್ತಿತ್ತು. ಪಿ.ಕೆ. ಬ್ಯಾನರ್ಜಿ ಒಂದು, ಜರ್ನೈಲ್ ಒಂದು, ಆಟದ ಮೊದಲ 20 ನಿಮಿಷದಲ್ಲೇ ಎರಡು ಗೋಲ್ ಹೊಡೆದರು. ಅಲ್ಲಿಂದ ಮುಂದೆ ಒಂದು ತಾಸಿಗೂ ಹೆಚ್ಚು ಹೊತ್ತು ಆ ಲೀಡ್ ಕಾಯುವುದು ಹಿಂದಿನವರ ಕೆಲಸ. ಕೊರಿಯಾಕ್ಕೆ ಒಂದು ಗೋಲ್ ಸಿಕ್ಕಿದ್ದು ಆಟ ಮುಗಿಯಲು ಐದೇ ನಿಮಿಷ ಇದ್ದಾಗ. 2-1, ಭಾರತಕ್ಕೆ ಚಿನ್ನ. ಅದಾದ ಮೇಲೆ ಇವತ್ತಿನವರೆಗೂ ಏಷ್ಯನ್ ಗೇಮ್ಸ್ ಫುಟ್‌ಬಾಲ್‌ನಲ್ಲಿ ನಮಗೆ ಚಿನ್ನ ಬಂದಿಲ್ಲ. ಕ್ಯಾನ್ಸರ್‌ನಿಂದ ಬಳಲುತ್ತಿದ್ದ ರಹೀಂ 1963ರ ಜೂನ್‌ನಲ್ಲಿ ತೀರಿಕೊಂಡರು.

ಕೋಲ್ಕತ್ತಾದಿಂದ ಬೊಕಾರೊಗೆ

ಸೈನ್ಯ ಬಿಟ್ಟ ಮೇಲೆ ತಂಗರಾಜ್ ಕೋಲ್ಕತ್ತಾದ ಮೂರೂ ದೊಡ್ಡ ಕ್ಲಬ್‌ಗಳಿಗೆ ಆಡಿದರು: ಮೊಹಮಡನ್ ಸ್ಪೋರ್ಟಿಂಗ್, ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್. ಅಲ್ಲಿನ ಲೀಗ್ ನಡೆಯೋದು ಮಳೆಗಾಲದಲ್ಲಿ. ಕೆಸರು ನೆಲ, ನೀರು ಕುಡಿದು ಭಾರವಾದ ತೊಗಲಿನ ಚೆಂಡು, ಸೋತರೆ ಸುಮ್ಮನಿರದ ಅಭಿಮಾನಿಗಳು. ಆ ಊರಲ್ಲಿ ಒಂದು ಕ್ಲಬ್‌ನವರು ಇನ್ನೊಂದು ಕ್ಲಬ್‌ನವರನ್ನು ಮೆಚ್ಚುವುದು ಅಪರೂಪ. ಮೂರೂ ಕಡೆಯವರಿಗೆ ಬೇಕಾದವರು ಅಂದರೆ ಕೈ ಎಷ್ಟು ನಂಬಿಕಸ್ತ ಇರಬೇಕು ನೀವೇ ಲೆಕ್ಕ ಹಾಕ್ರಿ.

1964ರ ಏಷ್ಯಾ ಕಪ್‌ನಲ್ಲಿ ಭಾರತ ಎರಡನೇ ಸ್ಥಾನ ಪಡೆದಾಗಲೂ, 1966ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನಲ್ಲೂ ಅವರು ತಂಡದಲ್ಲಿದ್ದರು. ಏಷ್ಯನ್ ಆಲ್ ಸ್ಟಾರ್ ತಂಡಕ್ಕೆ ಎರಡು ಸಲ ಆಯ್ಕೆಯಾದರು. 1967ರಲ್ಲಿ ಅರ್ಜುನ ಪ್ರಶಸ್ತಿ ಬಂತು. ಅದಕ್ಕೂ ಮೊದಲು ಫುಟ್‌ಬಾಲ್‌ಗೆ ಅರ್ಜುನ ಪಡೆದವರು ಯಾರೂ ಗೋಲ್‌ಕೀಪರ್ ಅಲ್ಲ.

1971ರಲ್ಲಿ ಆಟ ನಿಲ್ಲಿಸಿದರು. ಗೋವಾದ ವಾಸ್ಕೊ ತಂಡಕ್ಕೆ ಕೋಚ್ ಆದರು. ಕೊನೆಗೆ ಬೊಕಾರೊ ಸ್ಟೀಲ್ ಸಿಟಿಗೆ ಹೋಗಿ, ಉಕ್ಕಿನ ಕಾರ್ಖಾನೆಯ ಫುಟ್‌ಬಾಲ್ ಅಕಾಡೆಮಿ ನೋಡಿಕೊಂಡರು. ಗಿಣಿಗೇರಿ ಸುತ್ತ ಕಾರ್ಖಾನೆ ಕಂಡವರಿಗೆ ಅಂಥ ಊರಿನ ಚಿತ್ರ ಸುಲಭವಾಗಿ ಕಣ್ಣಿಗೆ ಬರುತ್ತೆ. ಮೂರು ಪಾಳಿಯ ಕೆಲಸದ ಆ ಊರಲ್ಲಿ ಹುಡುಗರಿಗೆ ಚೆಂಡು ಹಿಡಿಯೋದು ಕಲಿಸುತ್ತಾ ಉಳಿದರು. 2008ರ ನವೆಂಬರ್ 24ರಂದು ಅಲ್ಲೇ ತೀರಿಕೊಂಡರು. ಇನ್ನೊಂದು ತಿಂಗಳಿದ್ದರೆ 73 ತುಂಬುತ್ತಿತ್ತು.

ಈ ಬದುಕಿನಲ್ಲಿ ದೈವ ಕೊಟ್ಟದ್ದು ಎತ್ತರ ಒಂದೇ. ಉಳಿದದ್ದೆಲ್ಲ ಮನುಷ್ಯರು ಕೊಟ್ಟದ್ದು. ಗಲ್ಲಿಯ ಕ್ಲಬ್ ಆಡಲು ಬಿಟ್ಟಿತು, ಸೈನ್ಯ ಪಗಾರ ಕೊಟ್ಟಿತು, ಜ್ವರದಿಂದ ಎದ್ದವನ ಮೇಲೆ ಒಬ್ಬ ಮಾಸ್ತರ ಭರವಸೆ ಇಟ್ಟ. ನಮ್ಮ ತಾಲೂಕುಗಳ ಶಾಲೆಗಳಲ್ಲೂ ಎತ್ತರದ ಹುಡುಗರಿಗೇನು ಬರ ಇಲ್ಲ. ಮುಂದಿನ ಸಲ ಗೋಲ್‌ಗೆ ಯಾರನ್ನ ನಿಲ್ಲಿಸಬೇಕು ಅಂತ ಬಂದಾಗ, ಉಳಿದವನನ್ನಲ್ಲ, ತಕ್ಕವನನ್ನ ನಿಲ್ಲಿಸ್ರಿ.