ಸಂತ ಜೋಸೆಫ್ ವಾಜ್: ದಿನದಿನದ ವಿಶ್ವಾಸದ ದಾರಿ



ರೋಗಿಯೊಬ್ಬರಿದ್ದಾರೆ ಅಂತ ಸುಳ್ಳು ಹೇಳಿ, ಕೊಲ್ಲುವ ಉದ್ದೇಶದಿಂದ ಒಂದು ರಾತ್ರಿ ಸಂತರನ್ನು ಈ ಮುಡಿಪು ಗುಡ್ಡಕ್ಕೆ ಕರೆತಂದರಂತೆ. ಅವರು ಕೋಲಿನಿಂದ ಬಂಡೆ ತಟ್ಟಿದಾಗ ನೀರು ಉಕ್ಕಿತು ಎಂದು ಹಿರಿಯರು ಹೇಳುತ್ತಾ ಬಂದಿದ್ದಾರೆ. ಆ ಸಂತರು ದಿನದಿನವೂ ಹೇಗೆ ಬದುಕಿದರು ಎಂಬುದನ್ನೂ ತಿಳಿದುಕೊಳ್ಳೋಣ.

ಜೋಸೆಫ್ ವಾಜ್‌ರವರು 1651ರ ಏಪ್ರಿಲ್ 21ರಂದು ಗೋವಾದ ಬೆನಾವ್ಲಿಯಲ್ಲಿ ಜನಿಸಿದರು. ಮನೆಮಾತು ಕೊಂಕಣಿ. 1676ರಲ್ಲಿ ಗುರುದೀಕ್ಷೆ ಪಡೆದು, 1681ರಲ್ಲಿ ನಮ್ಮ ಕೆನರಾಕ್ಕೆ ಬಂದರು. ಆಗ ಕೆಳದಿಯ ರಾಣಿ ಚೆನ್ನಮ್ಮಾಜಿಯವರ ಆಳ್ವಿಕೆ. ಚರ್ಚಿನ ಅಧಿಕಾರ ಯಾರದು ಎಂಬ ಜಗಳದಲ್ಲಿ ಇಲ್ಲಿನ ಕ್ರೈಸ್ತರು ಒಡೆದು ಹೋಗಿದ್ದರು. ಸಂತರು ಮಂಗಳೂರು, ಬಸ್ರೂರು, ಕುಂದಾಪುರ, ಗಂಗೊಳ್ಳಿ ಎಂದು ಊರೂರು ನಡೆದು ಅವರನ್ನು ಒಂದುಗೂಡಿಸಲು ಶ್ರಮಿಸಿದರು. 1684ರಲ್ಲಿ ಗೋವಾಕ್ಕೆ ಮರಳಿದರು.

ಶ್ರೀಲಂಕಾದ ಯಾಳ್ಪಾಣವನ್ನು 1658ರಲ್ಲಿ ಡಚ್ಚರು ಗೆದ್ದು ಕಥೋಲಿಕ ಗುರುಗಳನ್ನು ಹೊರಗಟ್ಟಿದ್ದರು. ಗುರುಗಳಿಗೆ ಆಶ್ರಯ ಕೊಟ್ಟವರಿಗೂ ಕಠಿಣ ಶಿಕ್ಷೆ ಇತ್ತು. 1687ರಲ್ಲಿ ಸಂತರು ಜಾನ್ ಎಂಬ ಸೇವಕನ ಜೊತೆ ಭಿಕ್ಷುಕನ ವೇಷದಲ್ಲಿ ಅಲ್ಲಿಗೆ ಮುಟ್ಟಿದರು. ಭೇದಿ ಹತ್ತಿ ಸಾಯುವ ಸ್ಥಿತಿಗೆ ಬಂದರು. ಚೇತರಿಸಿಕೊಂಡ ಮೇಲೆ ಕೊರಳಿಗೆ ಜಪಮಾಲೆ ಹಾಕಿಕೊಂಡು ಮನೆ ಮನೆ ಬೇಡುತ್ತಾ ಹೋದರು. ಜಪಮಾಲೆ ಕಂಡು ಯಾರ ಮುಖ ಅರಳುತ್ತದೆ ಎಂದು ನೋಡುವುದೇ ಅವರ ಉಪಾಯ. ಹಾಗೆ ಗುಟ್ಟಾಗಿದ್ದ ವಿಶ್ವಾಸಿಗಳು ಸಿಕ್ಕರು. ಸುಮಾರು 29 ವರ್ಷ ಗುರುಗಳಿಲ್ಲ, ಬಲಿಪೂಜೆ ಇಲ್ಲ. ಆದರೂ ಅಪ್ಪ ಅಮ್ಮಂದಿರು ಮಕ್ಕಳಿಗೆ ವಿಶ್ವಾಸವನ್ನು ದಾಟಿಸಿದ್ದರು.

1692ರಲ್ಲಿ ಕ್ಯಾಂಡಿಗೆ ಹೋದಾಗ ಪೋರ್ಚುಗೀಸರ ಗೂಢಚಾರ ಎಂದು ಸೆರೆಗೆ ಹಾಕಿದರು. ಸಂತರು ಕೈಕಟ್ಟಿ ಕೂರಲಿಲ್ಲ, ಸೆರೆಯಲ್ಲೇ ಸಿಂಹಳ ಭಾಷೆ ಕಲಿತರು. 1697ರಲ್ಲಿ ಸಿಡುಬು ಹರಡಿ, ಹೆತ್ತವರನ್ನೂ ಬಿಟ್ಟು ಜನ ಓಡಿದಾಗ, ಸಂತರು ಸೋದರಳಿಯ ಗುರುವಿನೊಂದಿಗೆ ಅಲ್ಲೇ ಉಳಿದು, ಜಾತಿ ಮತ ನೋಡದೆ ರೋಗಿಗಳ ಆರೈಕೆ ಮಾಡಿದರು, ಸತ್ತವರನ್ನು ಮಣ್ಣು ಮಾಡಿದರು. ಗುರುಗಳಿಲ್ಲದ ದಿನ ಜಪ ನಡೆಸಲು ಊರಿನ ವಿಶ್ವಾಸಿಗಳನ್ನೇ ನೇಮಿಸಿದರು.

ಲಂಕೆಯಲ್ಲಿ 24 ವರ್ಷ ದುಡಿದು, ಮತ್ತೆ ತಾಯ್ನಾಡನ್ನು ಕಾಣದೆ, 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ಪ್ರಭುವಿನ ಪಾದ ಸೇರಿದರು. 1995ರಲ್ಲಿ ಎರಡನೇ ಜಾನ್ ಪೌಲ್‌ರವರು ಪುನೀತರೆಂದೂ, 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್‌ರವರು ಸಂತರೆಂದೂ ಕೊಲಂಬೊದಲ್ಲಿ ಘೋಷಿಸಿದರು.

ಯಾತ್ರಿಕರೇ, ಗುಡ್ಡ ಹತ್ತಿದ ದಿನ ಭಕ್ತಿ ತಾನಾಗಿ ಬರುತ್ತೆ. ಊರಿಗೆ ಹೋದ ಮೇಲೆ? ಶ್ರೀನಿವಾಸಪುರದವರಿಗೆ ಮಾವಿನ ಸುಗ್ಗಿ ಬಂದರೆ ಮಂಡಿಯ ಓಡಾಟ, ಕರಾವಳಿಯವರಿಗೆ ಮೀನಿನ ಕೆಲಸ, ಪಟ್ಟಣದವರಿಗೆ ಡ್ಯೂಟಿ. ಜಪಕ್ಕೆ ಪುರುಸೊತ್ತೇ ಇಲ್ಲ ಅಂತೀವಿ. ಯಾಳ್ಪಾಣದ ಆ ಮನೆಗಳನ್ನು ನೆನೆಯಿರಿ. ರಾತ್ರಿ ಊಟಕ್ಕೆ ಮುಂಚೆ ಮನೆಯವರೆಲ್ಲಾ ಹತ್ತು ನಿಮಿಷ ಕೂತು ಜಪ ಮಾಡಿ. ಪಕ್ಕದ ಮನೇಲಿ ಕಾಯಿಲೆಯವರಿದ್ದರೆ, ಅವರು ಯಾರೇ ಆಗಿರಲಿ, ಹೋಗಿ ಒಂದು ಲೋಟ ಗಂಜಿ ಕೊಟ್ಟು ಬನ್ನಿ. ಸಂತರು ನಡೆದ ದಾರಿ ಇದೇ.

ಸಂತ ಜೋಸೆಫ್ ವಾಜರೇ, ನಮಗಾಗಿ ಪ್ರಾರ್ಥಿಸಿರಿ.